ಏಳು ಸಮುದ್ರ ದಾಟಿದ ಏಣಿ

ಹೊರಡುವ ಮೊದಲು

ನಮ್ಮ ಹೊಸನಗರದಲ್ಲಿ ಪದ್ಮರಾಜ ಅನ್ನುವವರು ಒಬ್ಬಿಬ್ಬರಲ್ಲ. ಜೈನರ ಮನೆಯಲ್ಲಿ ಗಂಡು ಹುಟ್ಟಿದರೆ ಹೆಸರಿಡುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಪದ್ಮರಾಜ, ಇಲ್ಲವೇ ಧರಣೇಂದ್ರ, ಮುಗಿಯಿತು. ಹಾಗಾಗಿ ಗುರುತಿಗೆ ಹೆಸರಿನ ಮುಂದೆ ಏನಾದರೊಂದು ಅಂಟಿಸಲೇಬೇಕು. ಬಟ್ಟೆ ಪದ್ಮರಾಜ ಇದ್ದಾನೆ, ಪಾತ್ರೆ ಪದ್ಮರಾಜ ಇದ್ದಾನೆ, ಇನ್ಶೂರೆನ್ಸ್ ಪದ್ಮರಾಜನಂತೂ ಬೇಡವೆಂದರೂ ಇದ್ದಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನ್ಯಾಯವಾಗಿ ಗಣಿತದ ಪದ್ಮರಾಜ ಆಗಬೇಕಿತ್ತು. ಆಗಿದ್ದು ಏಣಿ ಪದ್ಮರಾಜ.

ಕಾರಣ ನನ್ನ ಮದುವೆ. ಮದುವೆಯ ದಿನ ಬೆಳಿಗ್ಗೆ ಚಪ್ಪರದ ಮಾವಿನ ತೋರಣ ಒಂದು ಕಡೆ ಜೋತುಬಿದ್ದಿತ್ತು. ಮದುಮಗ ಸುಮ್ಮನೆ ಕೂರಬೇಕಪ್ಪ! ನಾನು ಏಣಿ ಹತ್ತಿ ಚಪ್ಪರದ ಮೇಲೆ ಹೋಗಿ ತೋರಣ ಬಿಗಿದೆ. ತಿರುಗಿ ನೋಡಿದರೆ ಏಣಿ ಇಲ್ಲ. ಯಾರೋ ಪುಣ್ಯಾತ್ಮರು ಅಡುಗೆ ಮನೆಯ ಅಟ್ಟದಿಂದ ಹಂಡೆ ಇಳಿಸಲು ಎತ್ತಿಕೊಂಡು ಹೋಗಿದ್ದರು. ಕೂಗಿದೆ. ವಾಲಗದವರು ಅದೇ ಹೊತ್ತಿಗೆ ಶುರು ಮಾಡಿದರು. ಕೆಳಗೆ ಎಲ್ಲರೂ "ಮದುಮಗ ಎಲ್ಲಿ, ಮದುಮಗ ಎಲ್ಲಿ" ಎಂದು ಬಾವಿಯವರೆಗೂ ಹುಡುಕಿದರು. ಕೊನೆಗೆ ತಲೆ ಎತ್ತಿ ನೋಡಿದವಳು ಮದುಮಗಳು ಸುನಂದಾ. ನೋಡಿದವಳೇ ನಕ್ಕಳು. ನಗುತ್ತಲೇ ಮಾಲೆ ಹಾಕಿದಳು. ಅವತ್ತಿನಿಂದ ನಾನು ಏಣಿ.

ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಪ್ರತಿ ವರ್ಷದ ಹುಡುಗರೂ ಏಣಿ ಬರೆದರು. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆಮೇಲೆ ನಾಲ್ಕು ಜನ ಸೇರಿ ಒಂದು ಅಲ್ಯುಮಿನಿಯಂ ಏಣಿಯನ್ನು ವೇದಿಕೆಗೆ ಹೊತ್ತು ತಂದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ ಹೊಟ್ಟೆ ಉರಿದುಹೋಯಿತು.

ಇಂಥ ನನಗೆ ವೇಲ್ಸ್ ದೇಶದ ಆಹ್ವಾನ ಬಂದದ್ದು ಹೀಗೆ. ಗ್ವಿಲಿಮ್ ಮತ್ತು ಮೈರ್ ಎಂಬ ನಮ್ಮ ವಯಸ್ಸಿನ ದಂಪತಿ ಕೆಳದಿ, ಕವಲೇದುರ್ಗ ನೋಡಲು ಬಂದವರು, ಕೋಟೆಯ ಬುಡದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡು ನಿಂತಿದ್ದರು. ಮನೆಗೆ ಕರೆತಂದೆವು. ಎರಡು ದಿನ ಇದ್ದು, ಕಡುಬು ತಿಂದು, ಹೊರಡುವಾಗ "ನಮ್ಮ ಮನೆಗೂ ಬನ್ನಿ" ಎಂದರು. ಬನ್ನಿ ಎಂದವರ ಮನೆಗೆ ಹೋಗಿಯೇಬಿಡುವುದು ನಮ್ಮ ಕಡೆಯವರ ರೋಗ. ಮೂರನೇ ವರ್ಷ ಜೂನ್‌ನಲ್ಲಿ ಹೊರಟೆವು.

ಹೊರಡುವ ಮೊದಲು ಸುನಂದಾಳನ್ನು ಕೂರಿಸಿಕೊಂಡು ಹೇಳಿದೆ. "ನೋಡು, ಅಲ್ಲಿ ಯಾರಿಗೂ ನಾನು ಯಾರಂತ ಗೊತ್ತಿಲ್ಲ. ಜನ್ಮದಲ್ಲಿ ಒಂದು ಸಲ ಮರ್ಯಾದೆಯಾಗಿ ಇದ್ದು ಬರ್ತೀನಿ. ಏಣಿ ಸುದ್ದಿ ಎತ್ತಬಾರದು."

"ನಾನ್ಯಾಕೆ ಎತ್ಲಿ ಮಾರಾಯ್ರೇ," ಎಂದಳು. "ನೀವು ಹತ್ತದಿದ್ರೆ ಸಾಕು."

ಕೈ ಅಡ್ಡ ಹಾಕಿದರೆ ನಿಲ್ಲುವ ರೈಲು

ವಿಮಾನದ ಸುದ್ದಿ ಬರೆಯುವುದಿಲ್ಲ, ಎಲ್ಲರೂ ಬರೆದಾಗಿದೆ. ಕೊನೆಯ ರೈಲಿನದ್ದು ಮಾತ್ರ ಹೇಳಬೇಕು. ಎರಡೇ ಡಬ್ಬಿ. ನಮ್ಮ ಸಾಗರ–ತಾಳಗುಪ್ಪ ರೈಲು ಅದರ ಮುಂದೆ ದೊಡ್ಡ ಸಾಹುಕಾರ. ಹೊಳೆ, ಕುರಿ, ಕಲ್ಲಿನ ಗೋಡೆ, ಮತ್ತೆ ಕುರಿ. ನಾವು ಇಳಿಯಬೇಕಾದ ಊರು ಬಂತು, ರೈಲು ನಿಲ್ಲಲಿಲ್ಲ. ಅಲ್ಲಿ ಹತ್ತುವವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈ ಅಡ್ಡ ಹಾಕಬೇಕಂತೆ, ಇಳಿಯುವವರು ಕಂಡಕ್ಟರಿಗೆ ಮೊದಲೇ ಹೇಳಬೇಕಂತೆ. ಥೇಟ್ ನಮ್ಮ ಹಳ್ಳಿ ಬಸ್ಸು! ಗೊತ್ತಿದ್ದರೆ ನಾವೇನು ಬಿಡುತ್ತಿದ್ದೆವಾ? ಸುನಂದಾ ಎದ್ದು ನಿಂತು ಬಸ್ಸಿನ ಅಭ್ಯಾಸದಲ್ಲಿ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದಳು. ಡಬ್ಬಿಯಲ್ಲಿದ್ದವರೆಲ್ಲ ಗಾಬರಿಯಾಗಿ ಎದುರಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ರೈಲು ಹೋಯಿತು. ಮುಂದಿನ ಊರಿನಲ್ಲಿ ಇಳಿದು, ಎರಡು ಸೂಟ್‌ಕೇಸು, ಒಂದು ಕಾಫಿ ಫಿಲ್ಟರ್ ಸಮೇತ ಕುರಿಗಳ ಎದುರು ಕೂತೆವು. ಗ್ವಿಲಿಮ್ ಕಾರಿನಲ್ಲಿ ಬಂದು ಎತ್ತಿಕೊಂಡು ಹೋದ.

ಅವನ ಊರಿನ ಹೆಸರು ಬರೆಯಲು ನಮ್ಮಲ್ಲಿ ಅಕ್ಷರವಿಲ್ಲ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಬರುವ ಸದ್ದಿನಿಂದ ಅದು ಶುರುವಾಗುತ್ತದೆ. ಸುನಂದಾ ಎರಡೇ ದಿನದಲ್ಲಿ ಕಲಿತಳು. ನಾನು ವಾಪಸು ಹೊರಡುವವರೆಗೂ ಎದುರಿದ್ದವರ ಮುಖಕ್ಕೆ ಉಗುಳು ಹಾರಿಸುವುದರಲ್ಲೇ ಇದ್ದೆ. ಅಲ್ಲಿಯವರು ತಮ್ಮತಮ್ಮಲ್ಲಿ ವೆಲ್ಷ್ ಭಾಷೆ, ನಮ್ಮೊಡನೆ ಇಂಗ್ಲಿಷ್. ಅವರು ಹೇಳಿದ್ದನ್ನೆಲ್ಲ ನಾನು ಹೊಸನಗರದ ಮಾತಿಗೆ ಇಳಿಸಿ ಬರೆದಿದ್ದೇನೆ, ಯಾರೂ ತಪ್ಪು ತಿಳಿಯಬಾರದು.

ಮೇಲಿನಮನೆಯಲ್ಲಿ ಉಪವಾಸ

ಗ್ವಿಲಿಮ್ ಮನೆಯ ಹೆಸರು ಅವರ ಭಾಷೆಯಲ್ಲಿ "ಮೇಲಿನಮನೆ." ಕೇಳಿ ನನಗೆ ಜೀವ ಬಂದ ಹಾಗಾಯಿತು. ನಮ್ಮ ಕಡೆ ಊರಿಗೊಂದು ಮೇಲಿನಮನೆ ಇರುತ್ತದೆ. ಮಾಡಿಗೆ ಹಂಚಿನ ಬದಲು ಅಲ್ಲಿಯ ಗುಡ್ಡದಿಂದಲೇ ತೆಗೆದ ಕಪ್ಪು ಕಲ್ಲಿನ ತೆಳು ಬಿಲ್ಲೆಗಳು. ಗ್ವಿಲಿಮ್‌ನ ಅಪ್ಪ, ಅಜ್ಜ ಎಲ್ಲ ಆ ಕಲ್ಲು ಸೀಳಿದವರೇ. ಈಗ ಗುಡ್ಡದ ಗಣಿ ಮುಚ್ಚಿದೆ, ಗ್ವಿಲಿಮ್ ಕುರಿ ಸಾಕುತ್ತಾನೆ.

ಮೊದಲ ದಿನ ಮೈರ್ ಪ್ರೀತಿಯಿಂದ ಅವರ ಊರಿನ ಸಾರು ಮಾಡಿದ್ದಳು. ನಾನು ಒಂದೊಂದಾಗಿ ವಿಚಾರಿಸಿದೆ. ಮಾಂಸ? ಬೇಡ. ಆಲೂಗಡ್ಡೆ? ನೆಲದಡಿಯದು, ಬೇಡ. ಕ್ಯಾರೆಟ್? ಬೇಡ. ಉಳಿದಿದ್ದು ಲೀಕ್ ಎಂಬ ತರಕಾರಿ. ಅದು ಆ ದೇಶದ ಲಾಂಛನ, ಹಬ್ಬದ ದಿನ ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮೂಸಿ ನೋಡಿದೆ. ಈರುಳ್ಳಿಯ ಖಾಸಾ ಚಿಕ್ಕಪ್ಪನ ಮಗ. ಅದೂ ಬೇಡ ಎಂದಾಗ ಮೈರ್ ಪಾತ್ರೆಯೊಳಗೆ ಇಣುಕಿ, "ಹಾಗಾದ್ರೆ ಉಳಿಯೋದು ಬಿಸಿನೀರು, ಉಪ್ಪು" ಎಂದಳು. ಮಾರನೆಯ ದಿನದಿಂದ ಅಡುಗೆ ಸುನಂದಾಳದ್ದು. ಎಲೆಕೋಸು, ಬಟಾಣಿ, ನಾವು ಒಯ್ದ ಸಾರಿನಪುಡಿ. ಮೈರ್ ಪಕ್ಕದಲ್ಲಿ ನಿಂತು ಬೆರಳು ನೆಕ್ಕುತ್ತಿದ್ದಳು.

ಇನ್ನೊಂದು ತಪ್ಪು ನಮ್ಮದೇ. ಸೂರ್ಯ ಮುಳುಗುವ ಮೊದಲು ನಮ್ಮ ಊಟ ಆಗಬೇಕು, ಕತ್ತಲಾದ ಮೇಲೆ ತಿನ್ನುವುದಿಲ್ಲ ಎಂದು ಮೈರ್‌ಗೆ ಹೇಳಿಟ್ಟಿದ್ದೆ. ಅವಳು ಶ್ರದ್ಧೆಯಿಂದ ಪೇಪರಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿದಳು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ಮುಳುಗುತ್ತಾನೆ. ಮುಳುಗುವ ಮೊದಲು ಎಂದರೆ ಇನ್ನೇನು ಮುಳುಗುತ್ತದೆ ಎನ್ನುವಾಗ ಎಂದು ಅವಳು ತಿಳಿದಳು. ನಮಗೋ ಸಂಜೆ ಆರಕ್ಕೇ ಹೊಟ್ಟೆ ತಾಳ ಹಾಕುತ್ತಿತ್ತು. ನಾವು ಸಂಕೋಚಕ್ಕೆ ಕೇಳಲಿಲ್ಲ, ಅವರು ಗೌರವಕ್ಕೆ ಬಡಿಸಲಿಲ್ಲ. ಮಾಡಿದ ಅಡುಗೆ ಒಲೆಯ ಮೇಲೆ ಮುಚ್ಚಿಟ್ಟಿರುತ್ತಿತ್ತು, ನಾಲ್ಕೂ ಜನ ಕಿಟಕಿಯ ಹತ್ತಿರ ಕೂತು ಸೂರ್ಯನನ್ನೇ ನೋಡುತ್ತಿದ್ದೆವು. ನಾಲ್ಕನೇ ದಿನ ಗ್ವಿಲಿಮ್ ತಡೆಯಲಾರದೆ, "ಪದ್ಮಾ, ನಿಮ್ಮ ದೇವರಿಗೆ ನಮ್ಮ ಹಸಿವು ಕಾಣ್ಸಲ್ವಾ?" ಎಂದು ಕೇಳಿದ ಮೇಲೆ ವಿಷಯ ಬಿಚ್ಚಿತು. ಪಾಪ, ನಮ್ಮಿಂದಾಗಿ ಅವರೂ ಉಪವಾಸ ಬಿದ್ದಿದ್ದರು.

ಐರ್ಲಿಸ್‌ಳ ಅಂಗಡಿ

ಊರಿಗೆ ಒಂದೇ ಅಂಗಡಿ. ಮಾಲೀಕ ಮುಚ್ಚಿ ಹೋಗುತ್ತೇನೆಂದಾಗ ಊರಿನವರೇ ಸೇರಿ ಕೊಂಡು ನಮ್ಮ ಸೊಸೈಟಿ ಥರ ನಡೆಸುತ್ತಿದ್ದಾರೆ. ಗಲ್ಲಾದ ಮೇಲೆ ಕೂರುವವಳು ಐರ್ಲಿಸ್ ಎಂಬ ದಪ್ಪ ಕನ್ನಡಕದ ಹೆಂಗಸು. ಅಲ್ಲಿ ಹೋದ ಮೇಲೆ ನನಗೆ ಒಂದು ಆಶ್ಚರ್ಯ ಕಾದಿತ್ತು. ಆ ಊರಿನಲ್ಲಿ ಅರ್ಧಕ್ಕರ್ಧ ಜನರ ಮನೆತನದ ಹೆಸರು ಜೋನ್ಸ್, ಉಳಿದವರದು ವಿಲಿಯಮ್ಸ್. ಹಾಗಾಗಿ ಗುರುತಿಗೆ ನಮ್ಮ ಹಾಗೇ ಅಡ್ಡಹೆಸರು! ಐರ್ಲಿಸ್ ಅಂಗಡಿ, ಹ್ಯೂ ಬ್ರೆಡ್ಡು. ಗ್ವಿಲಿಮ್‌ನನ್ನು ಗ್ವಿಲಿಮ್ ಗಡಿಯಾರ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಚರ್ಚಿನ ಗಡಿಯಾರ ರಿಪೇರಿ ಮಾಡಲು ಹೋಗಿ ತಪ್ಪು ತಿರುಗಿಸಿದ್ದಕ್ಕೆ, ಭಾನುವಾರ ಇಡೀ ಊರು ಒಂದು ಗಂಟೆ ಮೊದಲೇ ಬಂದು ಚಳಿಯಲ್ಲಿ ನಿಂತಿತ್ತಂತೆ.

ಬಾಣಲೆಯಿಂದ ಬೆಂಕಿಗೆ ಬಿದ್ದೆ ಎಂದುಕೊಂಡೆ. ಆಮೇಲೆ ಇನ್ನೊಂದು ಹೊಳೆಯಿತು. ಹೆಸರಿಡುವ ಊರಾದರೆ ಒಳ್ಳೆಯ ಹೆಸರನ್ನೇ ಯಾಕೆ ಸಂಪಾದಿಸಬಾರದು? ಕಾಫಿ ಪದ್ಮ! ಎಷ್ಟು ಗಂಭೀರವಾಗಿದೆ! ಅವತ್ತಿನಿಂದ ಬೆಳಿಗ್ಗೆ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಫಿಲ್ಟರ್ ಇಟ್ಟುಕೊಂಡು ಬಂದವರಿಗೆಲ್ಲ ಕಾಫಿ ಕೊಟ್ಟೆ. ಬೇಡ ಎಂದವರಿಗೂ ಕೊಟ್ಟೆ. ಎಲ್ಲರೂ "ಬಹಳ ಚೆನ್ನಾಗಿದೆ" ಎಂದರು. ವಾರ ಕಳೆಯುವುದರೊಳಗೆ ಬಾಗಿಲ ಪಕ್ಕದ ಹೂವಿನ ಕುಂಡದ ಗಿಡ ಒಣಗಿತು. ಸುನಂದಾ ಮಣ್ಣು ಮೂಸಿ ನೋಡಿ ನನ್ನ ಮುಖ ನೋಡಿದಳು.

ಕೊನೆಗೆ ನಾಚಿಕೆ ಬಿಟ್ಟು ಐರ್ಲಿಸ್‌ಳನ್ನೇ ಕೇಳಿದೆ. "ನನಗೆ ಎಂತ ಹೆಸರಿಟ್ರಿ?"

ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿದಳು. "ನೆಂಟರಿಗೆ ನಾವು ಹೆಸರಿಡಲ್ಲಪ್ಪ. ನಮ್ಮ ಡಾಕ್ಟರು ಈ ಊರಲ್ಲೇ ಮುದುಕರಾದ್ರು. ಅವರಿಗೆ ಇವತ್ತಿಗೂ ಇಲ್ಲ ಪಾಪ, ಬರೀ ಡಾಕ್ಟ್ರು. ತಪ್ಪೇ ಮಾಡಲ್ಲ ಅವರು. ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಕತ್ತಲಾಗತ್ತೆ ಇಲ್ಲಿ. ಒಲೆ ಮುಂದೆ ಕೂತು ಹೇಳ್ಕೊಂಡು ನಗೋಕೆ ಏನಾದ್ರೂ ಬೇಕಲ್ಲ? ಕಾಫಿ ಕೊಟ್ಟ ಅಂತ ಯಾರು ನಗ್ತಾರೆ?"

ಸಮಾಧಾನವಾಗಬೇಕಿತ್ತು. ಏಣಿಯೂ ಇಲ್ಲ, ಬೇರೆ ಅವಮಾನವೂ ಇಲ್ಲ. ಆದರೆ ಗುಡ್ಡ ಹತ್ತಿ ಮನೆಗೆ ಹೋಗುವಾಗ ಒಂಥರಾ ಬೇಜಾರಾಯಿತು. ಇಷ್ಟು ದೂರ ಬಂದು, ಇವರ ಮನೆಯ ಸೂರ್ಯನನ್ನು ಹಸಿದುಕೊಂಡು ಕಾದು, ಕೊನೆಗೆ ಬರೀ ನೆಂಟನಾಗಿ ಹೋಗುವುದಾ? ಸುನಂದಾ ಅಷ್ಟರಲ್ಲಿ ಚರ್ಚಿನ ಹೆಂಗಸರ ಜೊತೆ ಹಾಡು ಕಲಿಯಲು ಶುರುಮಾಡಿದ್ದಳು. ಅವಳನ್ನು ಆಗಲೇ ಸುನಂದಾ ಹೋಲ್ಡಾನ್ ಅನ್ನುತ್ತಿದ್ದರು. ರೈಲಿನ ಕಂಡಕ್ಟರ್ ಆ ಊರಿನವನಂತೆ.

ಗೋಡೆಯ ಮೇಲೆ

ಹೊರಡುವ ಹಿಂದಿನ ದಿನ ಚರ್ಚಿನಲ್ಲಿ ಹಾಡಿನ ಹಬ್ಬ. ಊರಿನವರೆಲ್ಲ ಸೇರಿ ನಾಲ್ಕು ಸ್ವರದಲ್ಲಿ ಭಜನೆ ಹಾಡುತ್ತಾರೆ, ಆಮೇಲೆ ಹಿಂದಿನ ಕೋಣೆಯಲ್ಲಿ ಟೀ. ಮಧ್ಯಾಹ್ನ ಸುನಂದಾ, ಮೈರ್ ಮೊದಲೇ ಹೋದರು. ಗ್ವಿಲಿಮ್ ನನ್ನನ್ನು, "ಬಾ, ಗುಡ್ಡದ ಮೇಲೆ ನಮ್ಮ ಹಿರಿಯರು ಬೇಸಿಗೆಯಲ್ಲಿ ದನ ಹೊಡ್ಕೊಂಡು ಹೋಗಿ ಇರ್ತಿದ್ದ ಹಳೇ ಮನೆ ತೋರಿಸ್ತೀನಿ" ಎಂದು ಕರೆದೊಯ್ದ. ಮಳೆ ಹನಿಯುತ್ತಿತ್ತು. ನಮ್ಮ ಮಳೆಯ ಮುಂದೆ ಅದು ಮಳೆಯಲ್ಲ, ಯಾರೋ ಸೀನಿದ ಹಾಗೆ.

ಗುಡ್ಡಕ್ಕೆ ಅಡ್ಡವಾಗಿ ತಲೆಯೆತ್ತರದ ಕಲ್ಲಿನ ಗೋಡೆ. ಗೇಟು ಇಲ್ಲ. ಗೋಡೆ ದಾಟಲು ಈ ಕಡೆಯಿಂದೊಂದು, ಆ ಕಡೆಯಿಂದೊಂದು ಒರಗಿಸಿ ನಿಲ್ಲಿಸಿದ್ದ... ಬರೆಯಲು ಕೈ ಬರುವುದಿಲ್ಲ. ಮರದ ಏಣಿ.

"ಬೇರೆ ದಾರಿ ಇಲ್ವಾ?" ಎಂದೆ.

"ಇದೆ. ಕೆಸರಲ್ಲಿ ಎರಡು ಮೈಲಿ."

ಗ್ವಿಲಿಮ್ ಹತ್ತಿ ದಾಟಿ ಮುಂದೆ ಹೋದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಛತ್ರಿ ಬಿಚ್ಚಿಕೊಂಡು ನಾನೂ ಹತ್ತಿದೆ. ಮೇಲೆ ಒಂದು ಹಲಗೆ, ಅದರ ಮೇಲೆ ನಿಂತರೆ ಇಡೀ ಕಣಿವೆ ಕಾಣುತ್ತದೆ. ಎಂಥ ಚೆಂದ! ಹೊಳೆ, ಕಪ್ಪು ಮಾಡುಗಳು, ಕೆಳಗೆ ಚರ್ಚು. ಅಲ್ಲೇ ಕೂತು ನೋಡುತ್ತಾ ಮೈಮರೆತೆ. ಹನಿ ಮಳೆ ನಿಂತಿತು. ಆಮೇಲೆ ಇಳಿಯೋಣವೆಂದು ಕಾಲು ಕೆಳಗಿಟ್ಟವನು ಸರಕ್ಕನೆ ಎತ್ತಿಕೊಂಡೆ.

ಮೆಟ್ಟಿಲ ಮೇಲೆ ಬೆರಳುದ್ದದ ಕಪ್ಪು ಹುಳು. ಚಿಪ್ಪಿಲ್ಲದ ಬಸವನಹುಳು. ಅದರ ಕೆಳಗಿನ ಮೆಟ್ಟಿಲಲ್ಲಿ ಎರಡು. ಅದರ ಕೆಳಗೆ ಸಂಸಾರವೇ ಇತ್ತು. ಮಳೆ ಬಿದ್ದ ಕೂಡಲೇ ಹುಲ್ಲಿನಿಂದ ಎದ್ದು ಏಣಿ ಹತ್ತುತ್ತಿದ್ದವು. ಹಿಂದೆ ತಿರುಗಿದೆ. ನಾನು ಹತ್ತಿ ಬಂದ ಏಣಿಯಲ್ಲೂ ಅದೇ ಮೆರವಣಿಗೆ. ಹುಟ್ಟಿದಾಗಿನಿಂದ ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋದ ಕಾಲು ನನ್ನದು. ನಮ್ಮ ಕಡೆ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದರೂ ನಾವು ಮೆತ್ತಗೆ ಬಿಡಿಸಿ ಎಲೆಯ ಮೇಲೆ ಕೂರಿಸಿ ಕಳಿಸುತ್ತೇವೆ. ಇವು ಕಚ್ಚಿಯೂ ಇಲ್ಲ. ಹೇಗೆ ತುಳಿಯಲಿ? ಹಾರೋಣವೆಂದರೆ ಮಂಡಿ ಒಪ್ಪಲಿಲ್ಲ.

"ಗ್ವಿಲಿಮ್!" ಎಂದು ಕೂಗಿದೆ. ಅದೇ ಹೊತ್ತಿಗೆ ಕೆಳಗೆ ಚರ್ಚಿನಲ್ಲಿ ಇಡೀ ಊರು ಒಂದೇ ಸಲ ಹಾಡಲು ಶುರುಮಾಡಿತು. ನನ್ನ ಹಣೆಬರಹವೇ, ಅವತ್ತು ವಾಲಗ, ಇವತ್ತು ಭಜನೆ!

ಹಾಡು ಮುಗಿಯುವವರೆಗೂ ಛತ್ರಿ ಹಿಡಿದು ಮೇಲೆ ಕೂತಿದ್ದೆ. ಕುರಿಗಳು ಒಂದೊಂದಾಗಿ ಬಂದು ಕೆಳಗೆ ನಿಂತು ಭಾಷಣ ಕೇಳುವವರ ಹಾಗೆ ಮುಖ ಎತ್ತಿ ನೋಡಿದವು. ಹಾಡು ನಿಂತಿತು. ಜನ ಟೀಗೆ ಮುಂಚೆ ಗಾಳಿಗೆಂದು ಹೊರಗೆ ಬಂದರು. ಬಿಳಿ ಕಾಲರುಗಳ ನಡುವೆ ಒಂದು ಹಸಿರು ಸೀರೆ. ಎಲ್ಲರೂ ಟೀ ಕಡೆ ತಿರುಗಿದ್ದಾಗ ಅವಳೊಬ್ಬಳು ಯಾಕೋ ತಲೆ ಎತ್ತಿ ಗುಡ್ಡದ ಕಡೆ ನೋಡಿದಳು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹುಲ್ಲಿನ ಮೇಲೆ ಕುಕ್ಕರಿಸಿದಳು.

ಟೀ

ನನ್ನನ್ನು ಇಳಿಸಿದ್ದು ಗ್ವಿಲಿಮ್. ಕಾಣೆಯಾದವನನ್ನು ಹುಡುಕಿಕೊಂಡು ವಾಪಸು ಬಂದು, ವಿಷಯ ಕೇಳಿ, ತನ್ನ ಟೋಪಿ ತೆಗೆದು, ಹುಳುಗಳನ್ನು ಒಂದೊಂದಾಗಿ ಅದರಲ್ಲಿ ಹಾಕಿಕೊಂಡು ಹುಲ್ಲಿನಲ್ಲಿ ಬಿಟ್ಟ. ತನ್ನ ಹೆಂಡತಿಯ ತರಕಾರಿ ತೋಟದಲ್ಲಿ ಅದೇ ಹುಳುಗಳಿಗೆ ವಿಷ ಇಡುವ ಮನುಷ್ಯ! "ಇವನ್ನೆಲ್ಲ ಎತ್ತಿ ಬಿಡ್ತಾ ಇದೀನಿ ಅಂತ ಮೈರ್‌ಗೆ ಹೇಳಬೇಡ" ಎಂದಷ್ಟೇ ಹೇಳಿದ. ಹೇಳುವ ಅಗತ್ಯವಿರಲಿಲ್ಲ. ಊರಿಡೀ ಕೆಳಗಿನಿಂದ ನೋಡುತ್ತಿತ್ತು.

ಟೀ ಕೋಣೆಗೆ ಹೋದರೆ ಎಲ್ಲರೂ ಸುನಂದಾಳ ಸುತ್ತ. ಅವಳಿಗೆ ನಗು ನಿಂತಿಲ್ಲ, ಕಣ್ಣೀರು ಸುರಿಯುತ್ತಿದೆ. "ಇಷ್ಟು ನಗೋಕೆ ಎಂತ ಆಯ್ತು? ಒಬ್ಬ ಮನುಷ್ಯ ಗೋಡೆ ಮೇಲೆ ಸಿಕ್ಕಿಹಾಕ್ಕೊಂಡ, ಅಷ್ಟೇ ಅಲ್ವಾ?" ಎಂದು ಐರ್ಲಿಸ್ ಕೇಳುತ್ತಿದ್ದಾಳೆ. ಸುನಂದಾ ಬಾಯಿ ಬಿಡಲಿಲ್ಲ. ಕೊಟ್ಟ ಮಾತು ನೆನಪಿತ್ತು ಅವಳಿಗೆ. ಹೊಟ್ಟೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು, ಒಂದು ನಗುವಿಗಾಗಿ ಹಾಗೆ ಅಪ್ಪಣೆ ಕೇಳುವುದು ನೋಡಿ ನನಗೆ ಕರುಳು ಚುರುಕ್ ಎಂದಿತು.

"ಹೇಳು ಮಾರಾಯ್ತಿ," ಎಂದೆ. "ಇನ್ನೆಂತ ಉಳಿದಿದೆ!"

ಹೇಳಿದಳು. ಅವಳ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ. ತೋರಣ, ಹಂಡೆ, ವಾಲಗ, ಬಾವಿಯಲ್ಲಿ ಇಣುಕಿದ ಮಾವಂದಿರು, ಚಪ್ಪರದ ಮೇಲಿನ ಮದುಮಗ. ಬಿಟ್ಟರೆ ಸಿಕ್ಕಲಿಕ್ಕಿಲ್ಲ ಎಂಬಂತೆ ಅಲ್ಯುಮಿನಿಯಂ ಏಣಿಯನ್ನೂ ಹೇಳಿದಳು. ಕೋಣೆ ಹಾರಿಹೋಗುವ ಹಾಗೆ ನಕ್ಕರು. ನಗು ತಣ್ಣಗಾಗುವಷ್ಟರಲ್ಲಿ ಗ್ವಿಲಿಮ್ ಎದ್ದು ಅದೇ ಕಥೆಯನ್ನು ವೆಲ್ಷ್‌ನಲ್ಲಿ ಪೂರ್ತಿ ಹೇಳಿದ. ಎಲ್ಲರಿಗೂ ಆಗಲೇ ಅರ್ಥವಾಗಿತ್ತು. ಆದರೂ ತಮ್ಮ ಭಾಷೆಯಲ್ಲಿ ಒಮ್ಮೆ ಹೇಳದಿದ್ದರೆ ಅದು ನಡೆದ ಲೆಕ್ಕಕ್ಕೆ ಬರುವುದಿಲ್ಲವಂತೆ. ಎರಡನೇ ಸಲ ಇನ್ನೂ ಜಾಸ್ತಿ ನಕ್ಕರು. ಬರೀ ಡಾಕ್ಟ್ರು ಅಂತೂ ಕೇಕ್ ನೆತ್ತಿಗೇರಿ ಕೆಮ್ಮತೊಡಗಿದರು.

ಐರ್ಲಿಸ್ ಚಮಚದಿಂದ ಕಪ್ಪು ಬಡಿದಳು. ಸದ್ದು ಅಡಗಿತು.

"ಪದ್ಮ ಕಮ್ವಾ," ಎಂದಳು.

ಗೋಡೆ ದಾಟುವ ಆ ಏಣಿಗೆ ಅವರು ಕಮ್ವಾ ಅನ್ನುತ್ತಾರೆ. ಎಲ್ಲರೂ ಮೇಜು ಕುಟ್ಟಿದರು. ಮೈರ್ ಬಂದು ನನ್ನ ಕೈ ಹಿಡಿದು, "ಇನ್ನು ನೀನು ನೆಂಟ ಅಲ್ಲ" ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಏಳು ಸಮುದ್ರ ದಾಟಿ ಓಡಿ ಬಂದರೂ ಏಣಿ ಬಿಡಲಿಲ್ಲವಲ್ಲ! ಸಿಟ್ಟು ಬರಲೇ ಇಲ್ಲ. ನಾನೂ ಮೇಜು ಕುಟ್ಟಿದೆ. ಕುರ್ಚಿಯ ಮೇಲೆ ಕೂತಿದ್ದ ಡಾಕ್ಟರು ನನ್ನನ್ನು ಎಂಥ ಆಸೆಯಿಂದ ನೋಡುತ್ತಿದ್ದರು, ಪಾಪ.

ಮತ್ತೆ ಹೊಸನಗರ

ಊರಿಗೆ ಬಂದ ಮೇಲೆ ಗೋಡೆಯ ಕಥೆ ಯಾರಿಗೂ ಹೇಳಲಿಲ್ಲ. ಸುನಂದಾಳೂ ಹೇಳಲಿಲ್ಲ. ಹೊಸನಗರಕ್ಕೆ ಇರುವ ಒಂದು ಏಣಿಯೇ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಪಾತ್ರೆ ಪದ್ಮರಾಜ, "ಏಣಿ ಸರ್, ಬಂದ್ರಾ? ಫಾರಿನ್ನು ಹೆಂಗಿತ್ತು?" ಎಂದು ಕೂಗಿದಾಗ ಮಾತ್ರ ಮೊದಲ ಸಲ ಹಲ್ಲು ಕಚ್ಚದೆ ಮಾತಾಡಿದೆ.

ಮೊನ್ನೆ ನಮ್ಮ ಪೋಸ್ಟ್‌ಮ್ಯಾನ್ ಒಂದು ಚಿತ್ರದ ಕಾರ್ಡು ತಂದುಕೊಟ್ಟ. ಒಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಪದ್ಮ ಕಮ್ವಾ, ಹೊಸನಗರ, ಇಂಡಿಯಾ" ಎಂದಷ್ಟೇ ವಿಳಾಸ. ಮನೆ ಇಲ್ಲ, ಬೀದಿ ಇಲ್ಲ. ಡಾಕ್ಟರಿಗೂ ಕೊನೆಗೆ ಹೆಸರು ಸಿಕ್ಕಿತಂತೆ, ಡಾಕ್ಟರ್ ಕೇಕ್. ಗ್ವಿಲಿಮ್ ಬರೆದಿದ್ದ.

"ಅಲ್ಲ ಮಾರಾಯ, ಈ ವಿಳಾಸಕ್ಕೆ ನಮ್ಮನೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು? ಊರ್ ತುಂಬಾ ಪದ್ಮರಾಜರಿದ್ದಾರೆ," ಎಂದೆ.

"ಹೆಸರು ನಂಗೆ ತಲೆಬುಡ ತಿಳೀಲಿಲ್ಲ ಸರ್," ಎಂದ ಅವನು. ಕಾರ್ಡು ತಿರುಗಿಸಿ ತೋರಿಸಿದ. ಹಸಿರು ಗುಡ್ಡ, ಕಲ್ಲಿನ ಗೋಡೆ, ಗೋಡೆಗೆ ಒರಗಿದ ಮರದ ಏಣಿ, ಕೆಳಗೆ ನಿಂತು ಮೇಲೆ ನೋಡುತ್ತಿರುವ ಒಂದು ಕುರಿ. "ಚಿತ್ರ ನೋಡಿದೆ, ಸೀದಾ ಇಲ್ಲಿಗೇ ಬಂದೆ."